ಶಾಸಕರ ಪತ್ರ, ಶಾಸಕರ ಪ್ರಶ್ನೆ

(ಧಾರವಾಡದಲ್ಲಿ ರೋಗಿಗಳ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸೋಮವಾರ ಬೆಳಿಗ್ಗೆ ಯಾವುದೇ ಶಾಸಕರ ಮನೆ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. ಗಟಾರದ ಕೆಲಸಕ್ಕೆ ಬಂದವರು, ವರ್ಗಾವಣೆಗೆ ಬಂದವರು, ಮದುವೆ ಕಾರ್ಡ್ ಕೊಡಲು ಬಂದವರು ಇರುತ್ತಾರೆ. ಅವರ ನಡುವೆ ದವಾಖಾನೆಯ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿಂಗ್ ಫಿಲ್ಮ್ ಹಿಡಿದು ಗೋಡೆಗೆ ಒರಗಿ ನಿಂತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಬೇಕಾದದ್ದು ಚಿಕಿತ್ಸೆಯ ಹಣದ ನೆರವಿಗೆ ಶಿಫಾರಸು ಮಾಡುವ ಸಾಹೇಬರ ಒಂದು ಪತ್ರ. ಆ ಪತ್ರ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪತ್ರಕ್ಕಿಂತ ಬಲವಾದ ಮೂರು ನಾಲ್ಕು ಸಾಧನಗಳು ಅದೇ ಶಾಸಕರ ಕೈಯಲ್ಲಿವೆ. ನಾವು ಯಾರೂ ಕೇಳುವುದಿಲ್ಲ, ಹಾಗಾಗಿ ಅವು ಬಳಕೆಯಾಗದೆ ಉಳಿದಿವೆ.

ಮೊದಲು ಪತ್ರದ ವಿಷಯ ಮುಗಿಸೋಣ. ನಿಮ್ಮಲ್ಲಿ ಹಲವರಿಗೆ ನಾಳೆಯೇ ಅದು ಬೇಕಾಗಬಹುದು.

ಪತ್ರಕ್ಕೆ ಓಡುವ ಮುಂಚೆ ನೋಡಬೇಕಾದದ್ದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ) ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಅಂದರೆ 1 ಲಕ್ಷದ ಪ್ಯಾಕೇಜ್ ಇದ್ದರೆ ಎಪಿಎಲ್‌ನವರಿಗೆ 30 ಸಾವಿರ. ಇಲ್ಲಿ ಬಹಳ ಜನ ಎಡವುವುದು ರೆಫರಲ್, ಅಂದರೆ ಬೇರೆ ದವಾಖಾನೆಗೆ ಕಳಿಸುವ ಚೀಟಿಯ ವಿಷಯದಲ್ಲಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ. ಮೊದಲೇ ದಿನ ಗೊತ್ತು ಮಾಡಿ ಮಾಡುವ ದೊಡ್ಡ ಆಪರೇಷನ್ನಿಗೆ ಸರ್ಕಾರಿ ದವಾಖಾನೆಯ ರೆಫರಲ್ ಬೇಕು. ನೇರವಾಗಿ ಖಾಸಗಿ ದವಾಖಾನೆಗೆ ಹೋಗಿ, ದಾಖಲಾಗಿ, ಅರ್ಧ ರೊಕ್ಕ ಕಟ್ಟಿದ ಮೇಲೆ ಕಾರ್ಡ್ ತೋರಿಸಿದರೆ ಅಲ್ಲಿಂದ ಹಿಂದಕ್ಕೆ ಬರುವ ದಾರಿ ಕಷ್ಟದ್ದು. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಕೇಳಬೇಕಾದವರು ಆರೋಗ್ಯಮಿತ್ರ, ಅಂದರೆ ದವಾಖಾನೆಯಲ್ಲೇ ಕೂತು ಯೋಜನೆಯ ದಾರಿ ತೋರಿಸುವವರು. ಕ್ಯಾಷ್ ಕೌಂಟರ್ ಆಮೇಲಿನದು.

ಯೋಜನೆಯಲ್ಲಿ ಸೇರದ ಚಿಕಿತ್ಸೆಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ರಾಷ್ಟ್ರೀಯ ಆರೋಗ್ಯ ನಿಧಿ ಇವೆ. ಆರೋಗ್ಯ ನಿಧಿ ಬಿಪಿಎಲ್‌ನವರಿಗೆ ಮಾತ್ರ, ಅದೂ ಸರ್ಕಾರಿ ದವಾಖಾನೆಯ ಚಿಕಿತ್ಸೆಗೆ. ಈಗಾಗಲೇ ಖರ್ಚಾದ ಹಣವನ್ನು ಅದು ವಾಪಸ್ ಕೊಡುವುದಿಲ್ಲ. ಪ್ರಧಾನಮಂತ್ರಿ ನಿಧಿಯ ಹಣ ನೇರ ದವಾಖಾನೆಯ ಖಾತೆಗೆ ಹೋಗುತ್ತದೆ, ಖರ್ಚಿನ ಒಂದು ಭಾಗವನ್ನಷ್ಟೇ ಭರಿಸುತ್ತದೆ. ಅರ್ಜಿ ಎಲ್ಲಿ ನಿಲ್ಲುತ್ತದೆ ಎಂದರೆ ಬಹುಪಾಲು ಎಸ್ಟಿಮೇಟ್ ಹಾಳೆಯಲ್ಲಿ. ಲೆಟರ್‌ಹೆಡ್ ಮೇಲೆ 'ಅಂದಾಜು 4 ಲಕ್ಷ ಆಗಬಹುದು' ಎಂಬ ಒಂದು ಸಾಲು ಬರೆಸಿಕೊಂಡು ಬಂದರೆ ಅದು ಎಸ್ಟಿಮೇಟ್ ಅಲ್ಲ. ರೋಗಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಬೇಕು. ದವಾಖಾನೆಯ ನೋಂದಣಿ ಸಂಖ್ಯೆ, ಕಾಯಿಲೆಯ ಹೆಸರು, ಮಾಡಲಿರುವ ಚಿಕಿತ್ಸೆಯ ಹೆಸರು ಬೇಕು. ಹಾಸಿಗೆ, ಆಪರೇಷನ್, ಔಷಧ, ಇಂಪ್ಲಾಂಟ್ ಇವುಗಳ ಲೆಕ್ಕ ಬೇರೆ ಬೇರೆ ತೋರಿಸಿರಬೇಕು. ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ, ಮೊಹರು, ತಾರೀಖು ಕಡ್ಡಾಯ. ರೇಷನ್ ಕಾರ್ಡಿನಲ್ಲಿ 'ಬಸವ್ವ', ಆಧಾರ್‌ನಲ್ಲಿ 'ಬಸಮ್ಮ', ದವಾಖಾನೆಯ ಫೈಲಿನಲ್ಲಿ 'ಬಸವರಾಜೇಶ್ವರಿ' ಎಂದಿದ್ದರೆ ಶಾಸಕರ ಪತ್ರ ಎಷ್ಟೇ ಚೆನ್ನಾಗಿದ್ದರೂ ಕಡತ ಮುಂದೆ ಸರಿಯದು. ಹೆಸರು ಸರಿ ಮಾಡಿಸಲು ಹಿಡಿಯುವ ಮೂರು ವಾರವನ್ನು ಕ್ಯಾನ್ಸರ್ ಗಡ್ಡೆ ಕಾಯುವುದಿಲ್ಲ.

ಇಷ್ಟು ಪತ್ರದ ಮಾತು. ಒಂದು ಪತ್ರದಿಂದ ಒಬ್ಬ ರೋಗಿಗೆ ಒಂದು ಸಲ ಅನುಕೂಲ. ಇನ್ನು ದೊಡ್ಡ ಸಾಧನಗಳಿಗೆ ಬರೋಣ. ಅದಕ್ಕೆ ಮುಂಚೆ ಯಾವ ಬಾಗಿಲು ತಟ್ಟಬೇಕು ಎಂಬುದು ತಿಳಿದಿರಬೇಕು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ವೈದ್ಯಕೀಯ ಶಿಕ್ಷಣ ಸಮವರ್ತಿ ಪಟ್ಟಿಯ 25ನೇ ನಮೂದಿನಲ್ಲಿದೆ. ಕೇಂದ್ರದ ಹಣದಿಂದ ನಡೆಯುವ ವೈಜ್ಞಾನಿಕ ಸಂಸ್ಥೆಗಳು ಕೇಂದ್ರ ಪಟ್ಟಿಗೆ ಸೇರಿವೆ. ಇದನ್ನು ನಮ್ಮ ಊರಿಗೆ ಇಳಿಸಿ ನೋಡಿ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ತಂತ್ರಜ್ಞರ ಹುದ್ದೆ ಖಾಲಿ ಇದ್ದರೆ, ಗದಗ ಅಥವಾ ಹಾವೇರಿಯ ವೈದ್ಯಕೀಯ ಕಾಲೇಜಿಗೆ ಯಂತ್ರ ಬೇಕಿದ್ದರೆ, ಮಾತಾಡಬೇಕಾದವರು ಶಾಸಕರು. ಬೆಳಗಾವಿಯಲ್ಲಿರುವ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಕೇಂದ್ರದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ಗೆ ಸೇರಿದ್ದು. ಅದರ ಅನುದಾನದ ಪ್ರಶ್ನೆ ಸಂಸದರದು. ವಿಧಾನ ಪರಿಷತ್ತಿನ ಸದಸ್ಯರನ್ನು ನಾವು ಮರೆತೇ ಬಿಡುತ್ತೇವೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ ಇದ್ದಾರೆ. ಪರಿಷತ್ತಿನಲ್ಲಿ ಅನುದಾನ ಬೇಡಿಕೆಗಳ ಮೇಲೆ ಮತದಾನವಿಲ್ಲ, ಆದರೆ ಪ್ರಶ್ನೆ ಕೇಳುವ ಹಕ್ಕು ಪೂರ್ಣವಾಗಿ ಇದೆ. ಇಲ್ಲಿ ಕುಳಿತ ವಿದ್ಯಾರ್ಥಿಗಳು ಪದವಿ ಪಡೆದು ಮೂರು ವರ್ಷವಾದ ಮೇಲೆ ಆ ಕ್ಷೇತ್ರದ ಮತದಾರರಾಗುತ್ತೀರಿ. ಹೆಸರು ಸೇರಿಸಲು ಅರ್ಜಿ ಹಾಕಬೇಕು, ಅದು ತಾನಾಗಿ ಆಗುವುದಿಲ್ಲ.

ಈಗ ಯಂತ್ರದ ಮಾತು. ಶಾಸಕರು ದವಾಖಾನೆಗೆ ನೆರವಾದರು ಅಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ರಿಬ್ಬನ್ ಕಟ್ಟಿದ ಯಂತ್ರ. ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರಿಗೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದರಿಂದ ಬಾಳಿಕೆ ಬರುವ ಆಸ್ತಿ ಮಾಡಬಹುದು. ಸಂಬಳ ಕೊಡುವುದು, ಔಷಧ ಕೊಳ್ಳುವುದು ಅದರ ಕೆಲಸವಲ್ಲ. ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ.

ಡಯಾಲಿಸಿಸ್ ತೆಗೆದುಕೊಳ್ಳಿ. ಒಂದು ತಾಲೂಕು ದವಾಖಾನೆಗೆ ಐದು ಯಂತ್ರ ಬೇಕು ಅಂತ ನಾವು ಮನವಿ ಕೊಡುತ್ತೇವೆ. ಲೆಕ್ಕ ಹಾಕಿ ನೋಡೋಣ. ಒಂದು ಡಯಾಲಿಸಿಸ್‌ಗೆ ನಾಲ್ಕು ಗಂಟೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ಅಂದರೆ ಒಂದು ಯಂತ್ರದಲ್ಲಿ 18 ಸಲ. ರೋಗಿಗೆ ವಾರಕ್ಕೆ ಮೂರು ಸಲ ಬೇಕು ಅಂದರೆ ಒಂದು ಯಂತ್ರಕ್ಕೆ ಆರು ರೋಗಿಗಳು, ಐದಕ್ಕೆ 30. ಹೆಪಟೈಟಿಸ್ ಬಿ ಇರುವವರಿಗೆ ಯಂತ್ರ ಬೇರೆಯೇ ಇಡಬೇಕಾದ್ದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಇದು ಯಂತ್ರದ ಲೆಕ್ಕವಾಯಿತು. ನೀರಿನ ಲೆಕ್ಕ ಯಾರು ಮಾಡಿದರು?

ಡಯಾಲಿಸಿಸ್‌ನಲ್ಲಿ ರಕ್ತ ಹರಿಯುವ ಪೊರೆಯ ಆಚೆ ಬದಿಗೆ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹರಿಯುತ್ತಿರುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ದಿನಕ್ಕೆ 15 ಡಯಾಲಿಸಿಸ್ ಆದರೆ 1,800 ಲೀಟರ್, ಅದೂ ಆರ್‌ಒ ಆಗಿ ಬಂದ ಶುದ್ಧ ನೀರು. ಆರ್‌ಒ ಘಟಕ ಅರ್ಧ ನೀರನ್ನು ಹೊರಗೆ ಬಿಡುತ್ತದೆ ಅಂತಿಟ್ಟುಕೊಂಡರೆ ಮೂಲ ನೀರು 3,600 ಲೀಟರ್ ಬೇಕು, ಯಂತ್ರ ತೊಳೆಯುವ ನೀರು ಬೇರೆ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ನಾನು ಹೇಳಬೇಕಿಲ್ಲ. ಗದಗ ಜಿಲ್ಲೆಯ ಕೊಳವೆಬಾವಿ ನೀರು ಗಡಸು, ಹಲವು ಊರುಗಳಲ್ಲಿ ಫ್ಲೋರೈಡ್ ಹೆಚ್ಚು. ಗಡಸು ನೀರನ್ನು ಸಾಫ್ಟ್‌ನರ್ ಇಲ್ಲದೆ ಬಿಟ್ಟರೆ ಆರ್‌ಒ ಪೊರೆಗೆ ಸುಣ್ಣ ಕಟ್ಟಿ ಅದು ಬೇಗ ಕೆಡುತ್ತದೆ. ನಳದ ನೀರಾದರೆ ಕ್ಲೋರಿನ್ ಇರುತ್ತದೆ, ಅದನ್ನು ಹಿಡಿಯಲು ಇದ್ದಿಲಿನ ಫಿಲ್ಟರ್ ಬೇಕು. ಆ ಫಿಲ್ಟರ್ ಸೋತರೆ ಕ್ಲೋರಮೈನ್ ರೋಗಿಯ ರಕ್ತಕ್ಕೆ ಸೇರಿ ಕೆಂಪು ರಕ್ತಕಣ ಒಡೆಯುತ್ತದೆ. ಹೀಗಾಗಿ ಯಂತ್ರ ಹೊಚ್ಚ ಹೊಸದಿದ್ದರೂ 'ನೀರಿಲ್ಲ', 'ಆರ್‌ಒ ಕೆಟ್ಟಿದೆ', 'ಟೆಕ್ನಿಷಿಯನ್ ರಜೆ' ಎಂಬ ಮೂರು ಮಾತುಗಳಲ್ಲಿ ಒಂದು ಕೇಳಿಬರುತ್ತದೆ. ರೋಗಿ ಬಸ್ಸು ಹತ್ತಿ ವಾಪಸ್ ಹೋಗುತ್ತಾನೆ. ಎರಡು ಸಲ ಡಯಾಲಿಸಿಸ್ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಪೊಟ್ಯಾಷಿಯಂ ಏರಿ ಹೃದಯ ನಿಲ್ಲುವ ಅಪಾಯವೂ ಇದೆ.

ಆದ್ದರಿಂದ ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಹೀಗಿರಬೇಕು: ಯಂತ್ರ ಐದು. ಸಾಫ್ಟ್‌ನರ್, ಇದ್ದಿಲಿನ ಫಿಲ್ಟರ್ ಸಮೇತ ಆರ್‌ಒ ಘಟಕ. ಎರಡು ದಿನದ ನೀರು ಹಿಡಿಯುವ ಟ್ಯಾಂಕ್. ಜನರೇಟರ್. ಮೂರು ಪಾಳಿಗೆ ಸಾಲುವಷ್ಟು ತಂತ್ರಜ್ಞರ ಮಂಜೂರಾದ ಹುದ್ದೆ. ವಾರಂಟಿ ಮುಗಿದ ಮೇಲಿನ ನಿರ್ವಹಣೆ ಒಪ್ಪಂದಕ್ಕೆ ಬಜೆಟ್ಟಿನಲ್ಲಿ ಹಣ. ಮೊದಲ ನಾಲ್ಕನ್ನು ಪ್ರದೇಶ ನಿಧಿಯಿಂದ ಕೊಡಿಸಬಹುದು. ಕೊನೆಯ ಎರಡನ್ನು ಕೊಡಿಸಲು ಆಗುವುದಿಲ್ಲ, ಅವು ಆರ್ಥಿಕ ಇಲಾಖೆಯ ಒಪ್ಪಿಗೆ ಮತ್ತು ರಾಜ್ಯ ಬಜೆಟ್ಟಿನಲ್ಲಿ ಆರೋಗ್ಯದ ದಿನನಿತ್ಯದ ವೆಚ್ಚ ಇರುವ 2210 ಶೀರ್ಷಿಕೆಯಿಂದ ಬರಬೇಕು. ಕಟ್ಟಡ ಮತ್ತು ದೊಡ್ಡ ಯಂತ್ರಗಳ ಬಂಡವಾಳ ವೆಚ್ಚ 4210ರಲ್ಲಿ ಇರುತ್ತದೆ. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. 4210ರಲ್ಲಿ ಹಣ ಬಂದು 2210ರಲ್ಲಿ ಬರದೇ ಹೋದರೆ ಏನಾಗುತ್ತದೆ ಎಂಬುದು ಬೀಗ ಹಾಕಿದ ಕೋಣೆಗಳನ್ನು ನೋಡಿದವರಿಗೆ ಗೊತ್ತು. ಸ್ಕ್ಯಾನಿಂಗ್ ಯಂತ್ರಗಳದೂ ಇದೇ ಪಾಡು. ಸಿಟಿ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಅಲ್ಟ್ರಾಸೌಂಡ್‌ಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ನೋಂದಣಿ ಇಲ್ಲದೆ ಸ್ವಿಚ್ ಹಾಕುವಂತಿಲ್ಲ.

ಇನ್ನು ಸಂಶೋಧನೆ. ಇಲ್ಲಿ ನನಗೆ ನಿಜವಾದ ಸಂಕಟವಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಶಾಸಕರ ಮನೆ ಮುಂದೆ ಸೋಮವಾರ ನಿಂತವರಲ್ಲಿ ಸಂಶೋಧನೆ ಕೇಳಲು ಬಂದವರು ಯಾರೂ ಇರುವುದಿಲ್ಲ. ಹತ್ತು ವರ್ಷದ ನಂತರ ಬರುವ ಲಸಿಕೆಯಿಂದ ಬದುಕುವ ಮನುಷ್ಯನಿಗೆ ಅದು ಈಗ ಗೊತ್ತೇ ಇಲ್ಲ, ಅವನು ಬಂದು ಕೇಳುವುದಾದರೂ ಹೇಗೆ?

ಮಂಗನ ಕಾಯಿಲೆಯ ಉದಾಹರಣೆ ನೋಡಿ. ನಮ್ಮ ಕಡೆ 'ಮಂಗನಬಾವು' ಅಂತ ಕೆನ್ನೆ ಊದುವ ಬ್ಯಾನಿಗೆ ಹೇಳುತ್ತೇವೆ, ಅದು ಬೇರೆ. ಇದು ಕ್ಯಾಸನೂರು ಕಾಡಿನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು. ಉಣ್ಣೆ ಹುಳ (ಉಣುಗು) ಕಚ್ಚಿ ಹರಡುವ ವೈರಸ್. ಹಾವೇರಿ ಜಿಲ್ಲೆಯಿಂದ ಬಂದವರಿಗೆ ಇದು ದೂರದ ಮಾತಲ್ಲ, ಸೊರಬ ನಿಮ್ಮ ಗಡಿಗೆ ಹೊಂದಿದೆ, ಸಿದ್ದಾಪುರದ ಕಾಡೂ ಹತ್ತಿರದ್ದೇ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ. ಲಸಿಕೆ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಅಡಿಕೆ ತೋಟಕ್ಕೆ, ಸೊಪ್ಪಿಗೆ, ಕಟ್ಟಿಗೆಗೆ ಕಾಡಿಗೆ ಹೋಗುವ ಜನ ಒಂದು ದಿನದ ಕೂಲಿ ಬಿಟ್ಟು ಎರಡನೇ ಡೋಸಿಗೆ ಬರುತ್ತಿರಲಿಲ್ಲ. ಡೋಸ್ ಅರ್ಧಕ್ಕೆ ನಿಂತರೆ ರಕ್ಷಣೆಯೂ ಅರ್ಧ. ಕೊನೆಗೆ ಲಸಿಕೆಯ ಶಕ್ತಿಯೇ ಮಾನದಂಡ ಮುಟ್ಟದೆ 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜತೆ ಕೈಗೆತ್ತಿಕೊಂಡಿದೆ. ಪ್ರಾಣಿಗಳ ಮೇಲಿನ ಪ್ರಯೋಗ, ಆಮೇಲೆ ಮನುಷ್ಯರಲ್ಲಿ ಹಂತ ಹಂತದ ಪರೀಕ್ಷೆ, ಇವಕ್ಕೆ ವರ್ಷಗಳೇ ಬೇಕು. ಈ ನಡುವಿನ ಬೇಸಿಗೆಗಳನ್ನು ಮಲೆನಾಡು ಮೈಗೆ ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯ ಮೇಲೆಯೇ ಕಳೆಯಬೇಕು.

ಲಸಿಕೆಯ ಶಕ್ತಿ ಕುಂದುವ ತನಕ ಕಾಯದೆ, ಅದು ಇನ್ನೂ ಕೆಲಸ ಮಾಡುತ್ತಿದ್ದಾಗಲೇ ಹೊಸದಕ್ಕೆ ಹಣ ಇಟ್ಟಿದ್ದರೆ ಈ ಖಾಲಿ ಅವಧಿ ಇಷ್ಟು ಉದ್ದ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಖಾಸಗಿ ಕಂಪನಿ ತಾನಾಗಿ ಬರುವ ವಿಷಯ ಇದಲ್ಲ. ಕಾಯಿಲೆ ಪಶ್ಚಿಮ ಘಟ್ಟದ್ದು, ಕೊಳ್ಳುವವರು ಕೂಲಿಕಾರರು. ಇಂಥದ್ದಕ್ಕೆ ಖಜಾನೆಯ ಹಣ ಬಿಟ್ಟರೆ ಬೇರೆ ದಿಕ್ಕಿಲ್ಲ, ಖಜಾನೆಯ ಬಾಯಿ ತೆರೆಸಲು ಜನಪ್ರತಿನಿಧಿ ಬಿಟ್ಟರೆ ಬೇರೆಯವರಿಲ್ಲ.

ಖಜಾನೆ ಎಷ್ಟು ಕೊಡುತ್ತದೆ? 2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು 99,858.56 ಕೋಟಿ. ಅದರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಪಾಲು 3,900.69 ಕೋಟಿ. ನೂರು ರೂಪಾಯಿಯಲ್ಲಿ ನಾಲ್ಕು ರೂಪಾಯಿಗೂ ಕಡಿಮೆ. ಲೋಕಸಭೆಯಲ್ಲಿ ಪ್ರತಿ ವರ್ಷ ಕೆಲವೇ ಸಚಿವಾಲಯಗಳ ಬೇಡಿಕೆ ಚರ್ಚೆಗೆ ಬರುತ್ತವೆ. ಉಳಿದವು ಗಿಲೊಟಿನ್‌ಗೆ ಹೋಗಿ, ಅಂದರೆ ಚರ್ಚೆಯೇ ಇಲ್ಲದೆ, ಒಂದೇ ಏಟಿಗೆ ಮಂಜೂರಾಗುತ್ತವೆ. ಹಾಗಾಗಿ ನಿಜವಾದ ಪರಿಶೀಲನೆ ನಡೆಯುವ ಜಾಗ ಆರೋಗ್ಯದ ಸಂಸದೀಯ ಸ್ಥಾಯಿ ಸಮಿತಿ. ಅಲ್ಲಿ ಕುಳಿತ ಸದಸ್ಯರು ನೋಡಬೇಕಾದದ್ದು ಮೂರು ಕಾಲಂ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ. ಫೆಬ್ರವರಿಯಲ್ಲಿ ಘೋಷಿಸಿದ ಹಣ ಮೂರನೇ ಕಾಲಂನಲ್ಲಿ ಎಷ್ಟು ಉಳಿದಿದೆ ಎಂಬುದೇ ಅಸಲಿ ಬೆಂಬಲದ ಅಳತೆ.

ಹಣ ಮಂಜೂರಾದ ಮೇಲೂ ಪ್ರಯೋಗಾಲಯ ತಲುಪುವ ದಾರಿಯಲ್ಲಿ ಏನೇನಾಗುತ್ತದೆ ನೋಡಿ. ಅನುದಾನ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ವಿನಿಯೋಗ ಪ್ರಮಾಣಪತ್ರ, ಅಂದರೆ 12-ಎ ನಮೂನೆ, ಹೋಗದೆ ಮುಂದಿನ ಕಂತು ಬರದು. ಕಂತು ಜನವರಿಯಲ್ಲಿ ಬಂದರೆ ಮಾರ್ಚ್ 31ರೊಳಗೆ ಖರ್ಚು ಮಾಡಬೇಕು. ಟೆಂಡರ್ ಪ್ರಕ್ರಿಯೆಗೇ ವಾರಗಟ್ಟಲೆ ಬೇಕು. ಖರ್ಚಾಗಲಿಲ್ಲ, ಆದ್ದರಿಂದ ಮುಂದಿನ ವರ್ಷ ಕಡಿಮೆ. ಸಂಶೋಧನಾ ಸಹಾಯಕರ ವೇತನ ಇದೇ ಕಂತಿನಿಂದ. ಕಂತು ನಾಲ್ಕು ತಿಂಗಳು ತಡವಾದರೆ ತರಬೇತಾದ ಹುಡುಗಿ ಖಾಸಗಿ ಲ್ಯಾಬಿಗೆ ಹೋಗುತ್ತಾಳೆ, ಮನೆ ಮನೆಗೆ ಹೋಗಿ ಮಾದರಿ ತರುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಆ ಮಾದರಿಗಳು ಇರುವುದು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ. ಬಟ್ಟೆ ಕಪಾಟಿನಷ್ಟು ಎತ್ತರದ ಪೆಟ್ಟಿಗೆ ಅದು, ಸಾವಿರಾರು ಜನರ ರಕ್ತದ ಪುಟ್ಟ ಕೊಳವೆಗಳು ಅದರೊಳಗೆ. ಕರೆಂಟು ಹೋಗಿ ಜನರೇಟರ್ ಹಿಡಿಯದಿದ್ದರೆ ಕೆಲವು ಗಂಟೆಗಳಲ್ಲಿ ಐದು ವರ್ಷದ ದುಡಿಮೆ ಹಾಳು. ಫ್ರೀಜರಿಗೆ ಅನುದಾನ ಸಿಗುತ್ತದೆ, ಡೀಸೆಲ್‌ಗೆ, ಅಲಾರಂ ನೋಡಿಕೊಳ್ಳುವ ರಾತ್ರಿ ಪಾಳಿಯವರಿಗೆ ಸಿಗುವುದಿಲ್ಲ. ಇದನ್ನು ರಾಜ್ಯ ಸರ್ಕಾರದಿಂದ ಕೊಡಿಸುವುದು ಸ್ಥಳೀಯ ಶಾಸಕರಿಗೆ ಕಷ್ಟದ ಕೆಲಸವಲ್ಲ, ದೊಡ್ಡ ಮೊತ್ತವೂ ಅಲ್ಲ. ಕೋವಿಡ್ ಬಂದಾಗ ಹುಬ್ಬಳ್ಳಿಯಲ್ಲೇ ಪರೀಕ್ಷೆ ಶುರುವಾಗುವ ತನಕ ಮಾದರಿಗಳು ಬೇರೆ ಊರಿಗೆ ಹೋಗಬೇಕಾಗಿತ್ತು. ಸಿದ್ಧವಿರುವ ಪ್ರಯೋಗಾಲಯದ ಬೆಲೆ ಆ ವಾರಗಳಲ್ಲಿ ಎಲ್ಲರಿಗೂ ತಿಳಿಯಿತು.

ಹಣದ ಮಾತು ಸಾಕು. ಒಂದು ರೂಪಾಯಿ ಖರ್ಚಿಲ್ಲದೆ, ಬರೀ ಕಾನೂನಿನ ಒಂದು ವಾಕ್ಯದಿಂದ ಔಷಧ ಅಗ್ಗವಾದದ್ದೂ ಇದೆ. 2005ರಲ್ಲಿ ಸಂಸತ್ತು ಪೇಟೆಂಟ್ ಕಾಯ್ದೆಗೆ ತಿದ್ದುಪಡಿ ತಂದಾಗ ಸೆಕ್ಷನ್ 3(ಡಿ) ಎಂಬ ಗಟ್ಟಿ ಬೇಲಿ ಹಾಕಿತು. ಹಳೆಯ ಔಷಧದ ರೂಪ ಸ್ವಲ್ಪ ಬದಲಿಸಿ, ಗುಣ ಹೆಚ್ಚಿಸದೆ, ಹೊಸ ಪೇಟೆಂಟ್ ಕೇಳಿದರೆ ಕೊಡುವಂತಿಲ್ಲ ಎಂಬುದು ಅದರ ಸಾರ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧದ ವಿಷಯದಲ್ಲಿ ನೊವಾರ್ಟಿಸ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ಸೋತಿತು. ಅದೇ ಔಷಧವನ್ನು ನಮ್ಮ ದೇಶದ ಕಂಪನಿಗಳು ಇಮಾಟಿನಿಬ್ ಎಂಬ ಹೆಸರಿನಲ್ಲಿ ಮಾಡುವ ಅಗ್ಗದ ಗುಳಿಗೆ ಪೇಟೆಯಲ್ಲಿ ಉಳಿಯಿತು. ಅದಕ್ಕೂ ಒಂದು ವರ್ಷ ಮುಂಚೆ, 2012ರ ಮಾರ್ಚಿನಲ್ಲಿ, ಅದೇ ಕಾಯ್ದೆಯ ಕಡ್ಡಾಯ ಪರವಾನಗಿಯ (ಪೇಟೆಂಟ್ ಇದ್ದವರು ಒಪ್ಪದಿದ್ದರೂ ಬೇರೆ ಕಂಪನಿಗೆ ತಯಾರಿಸಲು ಬಿಡುವ) ಅವಕಾಶದಲ್ಲಿ ನ್ಯಾಟ್ಕೋ ಕಂಪನಿಗೆ ನೆಕ್ಸಾವರ್ ಔಷಧ ತಯಾರಿಸಲು ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿನ ಔಷಧ ಅದು. ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದು 8,800 ರೂಪಾಯಿಗೆ ಸಿಗುವಂತಾಯಿತು. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗಳ ಬೆಲೆಗೆ ಮಿತಿ ಬಿದ್ದದ್ದೂ ಇದೇ ಸಾಲಿಗೆ ಸೇರುತ್ತದೆ.

ಎಲ್ಲವೂ ಹೀಗೆ ಬಗೆಹರಿದಿಲ್ಲ. 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವಿದೆ. ಗಾಷರ್‌ನಂಥ ಕಾಯಿಲೆಗೆ ದೇಹದಲ್ಲಿ ಕೊರತೆಯಾದ ಎಂಜೈಮ್ ಅನ್ನು ಮಗುವಿನ ತೂಕಕ್ಕೆ ತಕ್ಕಂತೆ ಎರಡು ವಾರಕ್ಕೊಮ್ಮೆ, ಜೀವನ ಪೂರ್ತಿ ಕೊಡಬೇಕು. ಮಗು ಬೆಳೆದಂತೆ ಡೋಸ್ ಬೆಳೆಯುತ್ತದೆ, 50 ಲಕ್ಷ ಬೆಳೆಯುವುದಿಲ್ಲ. ಹಣ ತೀರಿದ ದಿನ ಚಿಕಿತ್ಸೆ ನಿಂತರೆ ಅಲ್ಲಿಯವರೆಗಿನ ಗುಣವೂ ಹಿಂದಕ್ಕೆ ಹೋಗುತ್ತದೆ. ಇದು ಸಂಸತ್ತಿನಲ್ಲಿ ಮತ್ತೆ ಮತ್ತೆ ಎತ್ತಬೇಕಾದ ವಿಷಯ.

ಕೊನೆಯದಾಗಿ, ಪ್ರಶ್ನೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದಲ್ಲ, ಧಾರವಾಡದಿಂದ ಎರಡು ತಾಸಿನ ದಾರಿ. ಅಲ್ಲಿ ನಮ್ಮ ಶಾಸಕರು 'ಸರ್ಕಾರ ಆರೋಗ್ಯ ಕ್ಷೇತ್ರಕ್ಕೆ ಆದ್ಯತೆ ನೀಡುತ್ತಿದೆಯೇ?' ಎಂದು ಕೇಳಿದರೆ ಉತ್ತರ 'ಹೌದು' ಎಂದು ಬರುತ್ತದೆ, ವಿಷಯ ಮುಗಿಯಿತು. ಅದೇ ಪ್ರಶ್ನೆಯನ್ನು ಹೀಗೆ ಕೇಳಲಿ: 'ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವ ಡಯಾಲಿಸಿಸ್ ಯಂತ್ರಗಳೆಷ್ಟು? ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ಯಂತ್ರ ಕೆಲಸ ಮಾಡದ ದಿನಗಳೆಷ್ಟು, ಕಾರಣವೇನು? ಮಂಜೂರಾದ ತಂತ್ರಜ್ಞರ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು? ಆಸ್ಪತ್ರೆವಾರು ವಿವರ ಒದಗಿಸುವುದು.' ಇದಕ್ಕೆ 'ಹೌದು' ಎಂದು ಉತ್ತರಿಸಲು ಬರುವುದಿಲ್ಲ. ಉತ್ತರ ಸಿದ್ಧಪಡಿಸಲು ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಫೋನ್ ಹೋಗುತ್ತದೆ. ಕೆಟ್ಟು ನಿಂತ ಯಂತ್ರಗಳಲ್ಲಿ ಒಂದೆರಡು ಆ ಫೋನಿಗೇ ರಿಪೇರಿಯಾಗುತ್ತವೆ.

ಹೋಗುವ ಕಾಲವೂ ಮುಖ್ಯ. ಯುಗಾದಿಗೆ ಹೋಗಿ ಮನವಿ ಕೊಟ್ಟರೆ ಆ ವರ್ಷದ ಬಜೆಟ್ ಪುಸ್ತಕ ಅಚ್ಚಾಗಿ ಹೋಗಿರುತ್ತದೆ. ದೀಪಾವಳಿ ಮುಗಿದ ಕೂಡಲೇ ಹೋಗಿ. ಆಗ ಇಲಾಖೆಗಳು ಮುಂದಿನ ವರ್ಷದ ಪ್ರಸ್ತಾವ ಮಾಡುತ್ತಿರುತ್ತವೆ, ಅಧಿವೇಶನದ ಪ್ರಶ್ನೆಗಳಿಗೂ ಸಮಯವಿರುತ್ತದೆ. ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲೆಯ ದಿಶಾ ಸಭೆಗೆ ಸಂಸದರು. ಆ ಸಭೆಯ ತಾರೀಖು ಮೊದಲೇ ಕೇಳಿಕೊಂಡು, ಒಂದು ವಾರ ಮುಂಚೆ ನಿಮ್ಮ ಹಾಳೆ ಅವರ ಕೈಯಲ್ಲಿರಲಿ. ಒಂದೇ ಹಾಳೆ ಸಾಕು. ಮೇಲೆ ದವಾಖಾನೆಯ ಹೆಸರು, ಕೆಳಗೆ ಪ್ರಶ್ನೆ, ಅದರ ಕೆಳಗೆ ಒಂದು ಉಪಪ್ರಶ್ನೆ. ಸದನದಲ್ಲೇ ಬಾಯಿಮಾತಿನ ಉತ್ತರ ಕೊಡಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರ ಉತ್ತರದ ಮೇಲೆ ಸದಸ್ಯರು ಎದ್ದು ನಿಂತು ಇನ್ನೊಂದು ಕೇಳಬಹುದು. ಆ ಕ್ಷಣಕ್ಕೆ ಅವರ ಕೈಯಲ್ಲಿ ಏನೂ ಇಲ್ಲದಿದ್ದರೆ ಅವಕಾಶ ಬೇರೆಯವರಿಗೆ ಹೋಗುತ್ತದೆ. 'ಆರ್‌ಒ ಘಟಕದ ನಿರ್ವಹಣೆ ಒಪ್ಪಂದ ಯಾವ ತಾರೀಖಿಗೆ ಮುಗಿದಿದೆ, ನವೀಕರಣದ ಕಡತ ಈಗ ಯಾರ ಮೇಜಿನ ಮೇಲಿದೆ?' ಅಂತ ಬರೆದುಕೊಡಿ.